ಮೋತಿಯ ಕಾಲಿಗೆ ದೊಡ್ಡಮ್ಮನ ಕಾವಲು

ನಮ್ಮ ದೊಡ್ಡಮ್ಮ ಯಾವತ್ತಾದರೂ ಒಂದು ದಿನ ನಿಶ್ಚಿಂತೆಯಿಂದ ಕೂತಿದ್ದಾರೆ ಎಂದರೆ ಅವರಿಗೆ ಮೈ ಹುಷಾರಿಲ್ಲ ಎಂದೇ ಅರ್ಥ. ತಕ್ಷಣ ಆಸ್ಪತ್ರೆಗೆ ತೋರಿಸಬೇಕು! ಚಿಂತೆ ಮಾಡುವ ಜನ ಬೇಕಾದಷ್ಟಿದ್ದಾರೆ, ಒಪ್ಪುತ್ತೇನೆ. ಆದರೆ ಅವರೆಲ್ಲ ತಂತಮ್ಮ ಮನೆಯ ಚಿಂತೆ ಮಾಡಿಕೊಂಡು ತೆಪ್ಪಗಿರುತ್ತಾರೆ. ದೊಡ್ಡಮ್ಮನಿಗೆ ಅಷ್ಟು ಸಾಲದು. ಶಿಡ್ಲಘಟ್ಟದ ಹತ್ತಿರದ ತಮ್ಮ ಹಳ್ಳಿಯಲ್ಲಿ, ಹಿಪ್ಪುನೇರಳೆ ತೋಟದ ನಡುವೆ ಕೂತುಕೊಂಡೇ ಅವರು ಇಡೀ ಜಿಲ್ಲೆಯ ಚಿಂತೆಯನ್ನು ಒಬ್ಬರೇ ನಿಭಾಯಿಸುತ್ತಾರೆ.

ನಾನು ಚಿಕ್ಕಬಳ್ಳಾಪುರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಸರಿಯಾಗಿ ಅವರ ಫೋನ್ ಬರುತ್ತದೆ.

"ಲಿಫ್ಟಲ್ಲಿ ಹೋಗ್ಬೇಡ ಕಣೋ. ಮಧ್ಯದಲ್ಲಿ ನಿಂತ್ಕೊಂಡ್ರೆ ಏನ್ ಗತಿ?"

"ನಮ್ಮ ಆಫೀಸು ಕೆಳಗಡೇನೇ ಇರೋದು ದೊಡ್ಡಮ್ಮ. ಲಿಫ್ಟೇ ಇಲ್ಲ."

"ಮುಂದೆ ಹಾಕ್ಸಿದ್ರೂ ಹೋಗ್ಬೇಡ. ಈಗ್ಲೇ ಹೇಳಿರ್ತೀನಿ."

ಇದಕ್ಕೆ ಏನೆಂದು ಉತ್ತರ ಕೊಡುತ್ತೀರಿ? ಒಮ್ಮೆ ಕಳವಾರದ ನೆಂಟರ ಮನೆಗೆ ಹೋಗಿದ್ದಾಗ, ಸ್ಕಂದಗಿರಿ ಬೆಟ್ಟ ಹತ್ತಲು ಬಂದಿದ್ದ ಹುಡುಗರನ್ನೆಲ್ಲ ದಾರಿಯಲ್ಲೇ ತಡೆದು ನಿಲ್ಲಿಸಿ, "ನಿಮ್ಮಮ್ಮಂಗೆ ಹೇಳಿ ಬಂದ್ಯೇನಪ್ಪ?" ಎಂದು ವಿಚಾರಣೆ ನಡೆಸಿದರು. ಹೇಳದೆ ಬಂದವರಿಗೆ ತಮ್ಮ ಫೋನನ್ನೇ ಕೊಟ್ಟು ಹೇಳಿಸಿದರು. ಆ ತಾಯಂದಿರಲ್ಲಿ ಒಬ್ಬರು ಇವತ್ತಿಗೂ ಹಬ್ಬಹುಣ್ಣಿಮೆಗೆ ದೊಡ್ಡಮ್ಮನಿಗೆ ಫೋನ್ ಮಾಡುತ್ತಾರೆ. ಇಬ್ಬರೂ ಸೇರಿ ಆ ಹುಡುಗನ ಬಗ್ಗೆ ಸಮಾಧಾನವಾಗಿ ಚಿಂತೆ ಮಾಡುತ್ತಾರೆ.

ಇನ್ನು ಮನೆಯ ಗೇಟಿನ ಚಿಲಕದ ವಿಷಯ. ದೊಡ್ಡಮ್ಮ ಹೊರಗೆ ಹೊರಟರೆ ಚಿಲಕ ಹಾಕುತ್ತಾರೆ, ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದು ಅಲ್ಲಾಡಿಸಿ ನೋಡುತ್ತಾರೆ, ಬಸ್ ನಿಲ್ದಾಣ ಕಾಣುವಷ್ಟು ದೂರ ಹೋಗಿ ಮತ್ತೆ ತಿರುಗುತ್ತಾರೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಇದನ್ನೆಲ್ಲ ದೊಡ್ಡಪ್ಪ ಹೇಗೆ ಸಹಿಸಿಕೊಂಡರು ಎಂದು ನೀವು ಕೇಳಬಹುದು. ಚಿಂತಾಮಣಿ ಕಡೆಯ ನಮ್ಮ ದೊಡ್ಡಪ್ಪನ ಬಾಯಲ್ಲಿ ಇರುವುದು ಒಂದೇ ತೆಲುಗು ಮಾತು: "ಪೋನೀಲೇ." ಹೋಗಲಿ ಬಿಡು ಎಂದು. ಬಸ್ಸು ಹೋದರೂ ಪೋನೀಲೇ, ರೇಷ್ಮೆಗೂಡಿನ ರೇಟು ಬಿದ್ದರೂ ಪೋನೀಲೇ. ಇಬ್ಬರ ಸಂಸಾರ ಆ ಒಂದು ಮಾತಿನ ಮೇಲೆ ನಡೆದಿದೆ.

ದೊಡ್ಡಮ್ಮ ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಾರೆ. ಚಿಕ್ಕವರಿದ್ದಾಗ ಹುಣಸೇಮರದಿಂದ ಬಿದ್ದು ಹಿಮ್ಮಡಿಯ ಮೇಲಿನ ನರ ಕಿತ್ತುಹೋಗಿತ್ತಂತೆ. ಊರಿನ ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ, ಬಿಚ್ಚುವ ತನಕ ಮಲಗಿದಲ್ಲಿಂದ ಅಲ್ಲಾಡಕೂಡದು ಎಂದು ಹೇಳಿ ಹೋಗಿದ್ದರಂತೆ. ಈ ಹುಡುಗಿ ಮಾತು ಕೇಳದೆ ಎದ್ದು ಓಡಾಡಿಬಿಟ್ಟಳು, ಅದಕ್ಕೇ ಕಾಲು ಹೀಗಾಯಿತು. ನಮ್ಮ ಮನೆತನದ ಮಕ್ಕಳೆಲ್ಲ ಈ ಕಥೆ ಕೇಳಿಯೇ ಬೆಳೆದವರು. ಜ್ವರ ಬಂದ ಮಗು ಹಾಸಿಗೆ ಬಿಟ್ಟು ಎದ್ದರೆ ಸಾಕು, "ಮಲ್ಕೋ, ಇಲ್ದಿದ್ರೆ ದೊಡ್ಡಮ್ಮನ ಕಾಲಿನ ಥರ ಆಗ್ತದೆ!" ಹಾಗೆ ಹೇಳುವವರಲ್ಲಿ ದೊಡ್ಡಮ್ಮನೇ ಮೊದಲಿಗರು. "ನನ್ನ ಕಾಲು ನಾನೇ ಹಾಳು ಮಾಡ್ಕೊಂಡೆ ಕಣಪ್ಪ" ಎಂದು ನಗುತ್ತಲೇ ಹೇಳುತ್ತಿದ್ದರು. ನಾವೂ ನಗುತ್ತಿದ್ದೆವು.

ಇಂಥ ದೊಡ್ಡಮ್ಮನ ಚಿಂತೆಗೆ ಒಂದು ಕುದುರೆ ಗಂಟು ಬಿದ್ದದ್ದು ನನ್ನ ಮದುವೆಯಲ್ಲಿ.

ನನ್ನ ಹೆಂಡತಿಯದು ಗೌರಿಬಿದನೂರು. ಮದುವೆ ಮಾತ್ರ ಚಿಂತಾಮಣಿಯ ಛತ್ರದಲ್ಲಿ. ವರಪೂಜೆಯ ಸಂಜೆ ನನ್ನನ್ನು ಕುದುರೆ ಮೇಲೆ ಮೆರವಣಿಗೆಯಲ್ಲಿ ಕರೆತರಬೇಕೆಂದು ಹೆಣ್ಣಿನ ಕಡೆಯವರ ಆಸೆ. ನನಗೆ ಕುದುರೆ ಎಂದರೆ ಮೊದಲಿನಿಂದಲೂ ಭಯ. ಆದರೆ ಭಾವಿ ಮಾವನ ಮುಂದೆ ಭಯ ಎಂದು ಹೇಳಲು ಅದಕ್ಕಿಂತ ಹೆಚ್ಚಿನ ಭಯ! ಮದುವೆಗಳಿಗೆ ಕುದುರೆ ತರುವ ಬಾಷಾ ಸಾಹೇಬರು ಮೋತಿ ಎಂಬ ಬಿಳಿ ಹೆಣ್ಣುಕುದುರೆಯನ್ನು ಜರಿಯಂಚಿನ ಬಟ್ಟೆ ಹೊದಿಸಿ ತಂದು ನಿಲ್ಲಿಸಿದರು. ನಾನು ಕಣ್ಣು ಮುಚ್ಚಿಕೊಂಡು ಹತ್ತಿದೆ. ವಾಲಗದವರು ಶುರು ಹಚ್ಚಿಕೊಂಡರು. ಇಡೀ ಬೀದಿ ನನ್ನನ್ನು ನೋಡುತ್ತಿತ್ತು, ದೊಡ್ಡಮ್ಮ ಒಬ್ಬರನ್ನು ಬಿಟ್ಟು. ಅವರು ಬಗ್ಗಿಕೊಂಡು ಕುದುರೆಯ ಕಾಲು ನೋಡುತ್ತಿದ್ದರು.

"ನಿಲ್ಸಿ!" ಎಂದು ಕೂಗಿದರು. ವಾಲಗ ನಿಂತಿತು. "ಈ ಕುದುರೆ ಕುಂಟ್ತಾ ಇದೆ!"

"ಕುಂಟು ಅಲ್ಲಾ ಅಮ್ಮಾ," ಎಂದರು ಬಾಷಾ ಸಾಹೇಬರು, "ಅದು ಸ್ಟೆಪ್ಪು! ಮೋತಿ ಡ್ಯಾನ್ಸ್ ಮಾಡ್ತದೆ."

"ಡ್ಯಾನ್ಸ್ ಮಾಡೋರು ಕಾಲು ಊರಕ್ಕೆ ಹೆದರ್ತಾರೇನಪ್ಪ? ಎಡಗಡೆ ಮುಂಗಾಲು ನೋಡು. ಕುಂಟೋರ ನಡಿಗೆ ನನಗೆ ಹೇಳಿಕೊಡ್ತೀಯಾ? ಏಯ್, ನೀನು ಇಳಿಯೋ ಕೆಳಗೆ!"

ಕೊನೆಯ ಮಾತು ನನಗೆ, ಅಂದರೆ ಮದುವೆ ಗಂಡಿಗೆ. ಚಿಂತಾಮಣಿಯ ನಟ್ಟನಡು ಬೀದಿಯಲ್ಲಿ ಪೇಟ, ಬಾಸಿಂಗ, ಹೂವಿನ ಹಾರ ಸಮೇತ ನಾನು ಇಳಿದೆ. ಕುದುರೆಯ ಮೇಲಿದ್ದಾಗ ಇಲ್ಲದ ಧೈರ್ಯ ನೆಲ ಮುಟ್ಟಿದ ಮೇಲೆ ಬಂತು ಎಂಬುದನ್ನು ಯಾರಿಗೂ ಹೇಳಲಿಲ್ಲ. ಅಲ್ಲಿಂದ ಛತ್ರದವರೆಗೆ ನಾನು ನಡೆದೆ, ನನ್ನ ಪಕ್ಕದಲ್ಲಿ ಕುದುರೆ ನಡೆಯಿತು, ಕುದುರೆಯ ಪಕ್ಕದಲ್ಲಿ ದೊಡ್ಡಮ್ಮ ಅದರ ಕತ್ತು ಸವರುತ್ತಾ ನಡೆದರು. ಮದುವೆಯ ವಿಡಿಯೋದಲ್ಲಿ ಇದೆಲ್ಲ ಇದೆ. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಅತ್ತೆಯವರು ಮೊದಲು ಯಾರಿಗೆ ಬೆಳಗಬೇಕೆಂದು ತೋಚದೆ ಕುದುರೆಗೂ ಒಂದು ಸುತ್ತು ಬೆಳಗಿಬಿಟ್ಟರು. ನನ್ನ ಹೆಂಡತಿ ಈಗಲೂ ಜಗಳ ಬಂದಾಗಲೆಲ್ಲ, "ಅವತ್ತು ಇಬ್ರಿಗೂ ಆರತಿ ಆಯ್ತು, ನಾನೇ ಸರಿಯಾಗಿ ನೋಡಿ ಆರಿಸ್ಕೊಬೇಕಿತ್ತು" ಎನ್ನುತ್ತಾಳೆ.

ಊಟದ ಪಂಕ್ತಿಯ ಪಕ್ಕದಲ್ಲಿ ಬಾಷಾ ಸಾಹೇಬರು ದೊಡ್ಡಮ್ಮನ ಮುಂದೆ ಕಣ್ಣೊರೆಸಿಕೊಂಡರು. ಹಿಂದಿನ ವಾರ ಇನ್ನೊಂದು ಮೆರವಣಿಗೆಯಲ್ಲಿ ಯಾರೋ ಪಟಾಕಿ ಸರ ಹಚ್ಚಿದಾಗ ಮೋತಿ ಬೆದರಿ, ಒದ್ದೆ ರಸ್ತೆಯಲ್ಲಿ ಜಾರಿತ್ತಂತೆ. ಸುಣ್ಣ ಅರಿಶಿನ ಹಚ್ಚಿದ್ದರಂತೆ. ಸರಿಹೋಯಿತು ಎಂದುಕೊಂಡಿದ್ದರಂತೆ. ಅವರ ಮನೆಯ ಮುಂದೆ ಕುದುರೆಗೆ ಮಲಗಿ ಏಳಲೂ ಜಾಗ ಇಲ್ಲ. "ನಮ್ಮ ತೋಟದಲ್ಲಿ ನಾಲ್ಕು ದಿನ ಇರಲಿ ಬಿಡಪ್ಪ" ಎಂದರು ದೊಡ್ಡಮ್ಮ. ದೊಡ್ಡಪ್ಪ ಪಾಯಸ ಕುಡಿಯುತ್ತಲೇ "ಪೋನೀಲೇ" ಎಂದರು. ಹೀಗೆ ನಾನು ಹೆಂಡತಿಯನ್ನು ಮನೆಗೆ ಕರೆತಂದ ದಿನವೇ ದೊಡ್ಡಮ್ಮ ಕುದುರೆಯನ್ನು ಮನೆ ತುಂಬಿಸಿಕೊಂಡರು.

ನಾಲ್ಕು ದಿನದಲ್ಲಿ ಮೋತಿಯ ಕಾಲು ಸರಿಹೋಗಲಿಲ್ಲ. ಹಸು ನೋಡಲು ಬರುವ ಡಾಕ್ಟರು ಕೈಯಾಡಿಸಿ ನೋಡಿ, ಇದು ತಮ್ಮ ಕೈಮೀರಿದ್ದು ಎಂದು ಒಬ್ಬ ಕುದುರೆ ಡಾಕ್ಟರಮ್ಮನ ನಂಬರು ಕೊಟ್ಟರು. ಬೆಂಗಳೂರಿನಿಂದ ಬಂದ ಆ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಮೋತಿಯ ಮುಂಗಾಲಿಗೆ ಸ್ಕ್ಯಾನ್ ಯಂತ್ರ ಹಿಡಿದು ಪರದೆಯಲ್ಲಿ ತೋರಿಸಿದರು. ಕಾಲಿನ ಹಿಂಬದಿಯ ಸ್ನಾಯುರಜ್ಜು, ಅಂದರೆ ನಮ್ಮ ಕಡೆ ಎಲ್ಲದಕ್ಕೂ ಹೇಳುವ ಹಾಗೆ 'ನರ', ನಡುವೆ ಹರಿದು ಒಂದು ಕಪ್ಪು ತೂತಾಗಿತ್ತು. ತಾನಾಗಿಯೇ ಮಾಯಲು ಬಿಟ್ಟರೆ ಅಲ್ಲಿ ಬಿರುಸಾದ ಗಂಟು ಬೆಳೆಯುತ್ತದೆ, ಅದು ಎಳೆತ ತಡೆಯದೆ ಮತ್ತೆ ಮತ್ತೆ ಹರಿಯುತ್ತದೆ, ಕೊನೆಗೆ ಆ ಕಾಲನ್ನು ಊರುವುದೇ ಕಷ್ಟವಾಗುತ್ತದೆ ಎಂದರು. ಕಾಲೂರಲಾಗದ ಕುದುರೆಯ ಗತಿ ಏನೆಂದು ಯಾರೂ ಕೇಳಲಿಲ್ಲ. ಬಾಷಾ ಸಾಹೇಬರು ಮುಖ ತಿರುಗಿಸಿ ನಿಂತರು.

"ಒಂದು ದಾರಿ ಇದೆ," ಎಂದರು ಡಾಕ್ಟರಮ್ಮ. ಮೋತಿಯ ಎದೆಮೂಳೆಯಿಂದಲೇ ಸ್ವಲ್ಪ ಮಜ್ಜೆ ತೆಗೆದು, ಅದರಲ್ಲಿರುವ ಕಾಂಡಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹೆಚ್ಚಿಸಿ, ಹರಿದ ಜಾಗಕ್ಕೇ ಸೂಜಿಯಲ್ಲಿ ಸೇರಿಸುವುದು. "ನಮ್ಮ ಕಡೆ ಇದು ಹೊಸದು ಅಮ್ಮಾ. ಗ್ಯಾರಂಟಿ ಕೊಡಕ್ಕಾಗಲ್ಲ. ಆದ್ರೆ ಮಾಡಿ ನೋಡ್ಬಹುದು."

"ಅದೇನಮ್ಮ ಅದು, ಕಾಂಡ?"

"ಕಾಂಡಕೋಶ ಅಂತ. ತಾನು ಏನಾಗ್ಬೇಕು ಅಂತ ಇನ್ನೂ ತೀರ್ಮಾನ ಮಾಡ್ಕೊಳ್ದೆ ಇರೋ ಜೀವಕಣಗಳು. ಸರಿಯಾದ ಜಾಗಕ್ಕೆ ಬಿಟ್ರೆ ಅಲ್ಲಿಗೆ ಬೇಕಾದ ಕೆಲಸ ಮಾಡ್ತವೆ."

ದೊಡ್ಡಮ್ಮ ನನ್ನ ಕಡೆ ತಿರುಗಿ ನೋಡಿ, "ಇವನೂ ಮದುವೆ ಆಗೋವರೆಗೂ ಹಂಗೇ ಇದ್ದ" ಎಂದರು.

ಮಜ್ಜೆ ತೆಗೆಯುವ ದಿನ ನನಗೆ ಹಗ್ಗ ಹಿಡಿಯುವ ಕೆಲಸ. ಮೋತಿಗೆ ಮಂಪರಿನ ಮದ್ದು ಕೊಟ್ಟು, ಎದೆಯ ಜಾಗ ಬೋಳಿಸಿ, ಮರಗಟ್ಟಿಸಿ, ಡಾಕ್ಟರಮ್ಮ ಸೂಜಿ ಕೈಗೆತ್ತಿಕೊಂಡರು. ಸೂಜಿಯೇ ಅದು? ದೊಡ್ಡಮ್ಮ ಮೋತಿಯ ಕಣ್ಣಿಗೆ ಸೆರಗು ಮುಚ್ಚಿ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ನನ್ನ ಕಣ್ಣಿಗೆ ಸೆರಗು ಮುಚ್ಚುವವರು ಯಾರೂ ಇರಲಿಲ್ಲ. ಮುಂದಿನದು ನನಗೆ ನೆನಪಿಲ್ಲ. ಎಚ್ಚರವಾದಾಗ ಹುಲ್ಲಿನ ಮೇಲೆ ಬಿದ್ದಿದ್ದೆ. ನನ್ನ ಹೆಂಡತಿ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಇಡೀ ಜಿಲ್ಲೆಯ ಬಗ್ಗೆ ಚಿಂತೆ ಮಾಡುವ ದೊಡ್ಡಮ್ಮ ಮಾತ್ರ ಅತ್ತ ಕಡೆಯಿಂದ, "ಅವನಿಗೇನಾಗಲ್ಲ ಬಿಡಿ, ಹಗ್ಗ ಯಾರಾದ್ರೂ ಹಿಡ್ಕೊಳ್ಳಿ!" ಎನ್ನುತ್ತಿದ್ದರು.

ಕೋಶಗಳು ಪ್ರಯೋಗಾಲಯದಲ್ಲಿ ಬೆಳೆಯಲು ಕೆಲವು ವಾರ ಬೇಕು. ಆ ವಾರಗಳನ್ನು ನಾವು ಹೇಗೆ ಕಳೆದೆವೋ ದೇವರಿಗೇ ಗೊತ್ತು. ಇಲ್ಲಿ ಒಂದು ವಿಷಯ ಹೇಳಬೇಕು. ದೊಡ್ಡಮ್ಮ ಹುಟ್ಟಿದ್ದು, ಬೆಳೆದದ್ದು, ಬಾಳಿದ್ದು ಎಲ್ಲ ರೇಷ್ಮೆ ಹುಳುವಿನ ಜೊತೆ. ಮೊಟ್ಟೆಯಿಂದ ಬಂದ ಎಳೆಯ ಹುಳುಗಳನ್ನು, ಅಂದರೆ ಚಾಕಿ ಹುಳುಗಳನ್ನು, ಬೇರೆ ಕಡೆ ಜೋಪಾನವಾಗಿ ಸಾಕುತ್ತಾರೆ. ಸ್ವಲ್ಪ ಬಲಿತ ಮೇಲೆ ರೈತರು ತಮ್ಮ ಹುಳುಮನೆಗೆ ತಂದುಕೊಳ್ಳುತ್ತಾರೆ. ಡಾಕ್ಟರಮ್ಮ ಹೇಳಿದ್ದೆಲ್ಲ ದೊಡ್ಡಮ್ಮನಿಗೆ ಅರ್ಥವಾದದ್ದು ಈ ಲೆಕ್ಕದಲ್ಲಿ. ಬೆಂಗಳೂರಿನಲ್ಲಿ ಮೋತಿಯ ಮರಿಗಳು ಚಾಕಿಯಲ್ಲಿವೆ, ಅಷ್ಟೇ!

ದಿನ ಬೆಳಗಾದರೆ ಡಾಕ್ಟರಮ್ಮನಿಗೆ ಫೋನ್. "ಮೇವು ಏನ್ ಹಾಕ್ತೀರಮ್ಮ?" "ಇರುವೆ ಬರಲ್ಲ ತಾನೇ?" "ಒಳಗೆ ಹೋಗೋರು ಕಾಲು ತೊಳ್ಕೊಂಡು ಹೋಗ್ತಾರಾ?" ಡಾಕ್ಟರಮ್ಮ ತಾಳ್ಮೆಯಿಂದ, ಅವಕ್ಕೆ ಮೇವು ಇಲ್ಲ, ಒಂದು ಬಗೆಯ ದ್ರವವಿದೆ, ಅದನ್ನು ಆಗಾಗ ಬದಲಿಸುತ್ತೇವೆ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ ಎಂದು ವಿವರಿಸುತ್ತಿದ್ದರು.

"ಬೆಚ್ಚಗಿರಕ್ಕೆ ಕರೆಂಟಾ?"

"ಹೌದಮ್ಮ."

"ಕರೆಂಟು ಹೋದ್ರೆ?"

"ಜನರೇಟರ್ ಇದೆ."

"ಅದು ಸ್ಟಾರ್ಟ್ ಆಗ್ದೆ ಇದ್ರೆ?"

ಆ ಕಡೆ ಫೋನ್ ಕಟ್ಟಾಯಿತು. ಆಮೇಲೆ ತಿಳಿದದ್ದು, ಆ ಹೆಣ್ಣುಮಗಳು ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ಜನರೇಟರ್ ನೋಡಿಕೊಂಡು ಬಂದರಂತೆ! ಸರಿಯಾಗೇ ಇತ್ತು. ಆದರೆ ಅವತ್ತಿನಿಂದ ದಿನವೂ ಹೋಗಿ ನೋಡುವ ಅಭ್ಯಾಸವಾಯಿತಂತೆ. ದೊಡ್ಡಮ್ಮನ ಚಿಂತೆ ಅಂಟುರೋಗ ಎಂದು ನಾನು ಮೊದಲೇ ಎಚ್ಚರಿಸಬೇಕಿತ್ತು. ಅಷ್ಟು ಹೊತ್ತಿಗೆ ನನಗೂ ಅಂಟಿತ್ತು. ಕಚೇರಿಯಲ್ಲಿ ಫೈಲು ನೋಡುತ್ತಾ ಕೂತಿದ್ದಾಗ ಕರೆಂಟು ಹೋದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಕೊನೆಗೆ ಕೋಶಗಳು ತಯಾರಾದವು. ಡಾಕ್ಟರಮ್ಮನನ್ನೂ ಅವರ ತಂಪು ಪೆಟ್ಟಿಗೆಯನ್ನೂ ಬೆಂಗಳೂರಿನಿಂದ ನನ್ನ ಕಾರಿನಲ್ಲಿ ಕರೆತರಬೇಕೆಂದಾಯಿತು. ಚಾಕಿ ತರುವುದು ಯಾವಾಗಲೂ ತಂಪು ಹೊತ್ತಿನಲ್ಲೇ. ಹಾಗಾಗಿ ಬೆಳ್ಳಂಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಪೆಟ್ಟಿಗೆ, ಅದರ ಒಂದು ಕಡೆ ಡಾಕ್ಟರಮ್ಮ, ಇನ್ನೊಂದು ಕಡೆ ದೊಡ್ಡಮ್ಮ. ಹಾರ್ನ್ ಹೊಡೆಯುವಂತಿಲ್ಲ, ರೇಡಿಯೋ ಹಾಕುವಂತಿಲ್ಲ, ಬ್ರೇಕ್ ಒತ್ತುವಂತಿಲ್ಲ. ನಾನು ಕೆಮ್ಮಿದ್ದಕ್ಕೆ ಕಿಟಕಿಯಿಂದ ಹೊರಗೆ ತಲೆ ಹಾಕಿ ಕೆಮ್ಮಬೇಕೆಂದು ಅಪ್ಪಣೆಯಾಯಿತು. ದೇವನಹಳ್ಳಿ ದಾಟಿದ ಮೇಲೆ ಒಂದು ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿ ಹೋಯಿತು. ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ರಸ್ತೆಗೆ ತಿರುಗಿದ ಮೇಲೆ ಒಂದೊಂದು ಹಂಪ್ ಬಂದಾಗಲೂ ದೊಡ್ಡಮ್ಮ ಪೆಟ್ಟಿಗೆಯನ್ನು ಮಡಿಲಿಗೆ ಎತ್ತಿಕೊಂಡು "ನಿಧಾನ, ನಿಧಾನ ಕಣೋ" ಎನ್ನುತ್ತಿದ್ದರು. ಮೊದಮೊದಲು ನಕ್ಕಿದ್ದ ಡಾಕ್ಟರಮ್ಮ ಕೊನೆಕೊನೆಗೆ ತಾವೂ ಒಂದು ಕೈಯಿಂದ ಹಿಡಿಯತೊಡಗಿದರು.

ಸ್ಕ್ಯಾನ್ ನೋಡುತ್ತಾ ನೋಡುತ್ತಾ ಸರಿಯಾಗಿ ಆ ಕಪ್ಪು ತೂತಿಗೇ ಕೋಶಗಳನ್ನು ಚುಚ್ಚಿ ತುಂಬಿಸಿದರು. ಈ ಸಲ ನಾನು ಗೇಟಿನ ಆಚೆಯೇ ನಿಂತಿದ್ದೆ. ಕೆಲವು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ಹಗ್ಗ ಹಿಡಿದು ನಿಧಾನವಾಗಿ ನಡೆಸಬೇಕು, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು ಎಂದು ಹೇಳಿ ಡಾಕ್ಟರಮ್ಮ ಹೊರಟರು. ದೊಡ್ಡಮ್ಮ ತಲೆಯಾಡಿಸಿದರು. ಅವರು ತಲೆಯಾಡಿಸಿದ್ದು ಮೊದಲನೆಯ ಮಾತಿಗೆ ಮಾತ್ರ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮರುದಿನದಿಂದ ಮೋತಿಯ ಕೊಟ್ಟಿಗೆ ಹುಳುಮನೆಯಾಯಿತು! ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದ ಗೋಣಿತಾಟು, ಅದರ ಮೇಲೆ ಕಾಲೊರೆಸದೆ ಒಳಗೆ ಪ್ರವೇಶವಿಲ್ಲ. ಸುತ್ತ ಸುಣ್ಣದ ಗೆರೆ. ಪಕ್ಕದ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಂದ್. ದೊಡ್ಡಪ್ಪನ ಬೀಡಿ ಊರಾಚೆ. ಹೊರಗಿನ ಜನ ಇಣುಕಿ ನೋಡುವಂತಿಲ್ಲ, ಕಣ್ಣು ತಗಲುತ್ತದೆ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಸ್ಕೂಟರಿನಲ್ಲಿ ಗಜ್ಜರಿ ತರುತ್ತಿದ್ದ ಬಾಷಾ ಸಾಹೇಬರು ಅತ್ತರಿನ ವಾಸನೆಯ ಕಾರಣಕ್ಕೆ ಬಾಗಿಲಲ್ಲೇ ತಡೆಯಲ್ಪಟ್ಟರು.

"ಅಮ್ಮಾ, ನನ್ನ ಕುದುರೆ ನೋಡಕ್ಕೆ ನಾನು ಸ್ನಾನ ಮಾಡ್ಬೇಕಾ?"

"ಬಿಸಿನೀರು ಕಾದಿದೆ ಹೋಗಪ್ಪ."

ಪಾಪ, ಅವರು ಸ್ನಾನ ಮಾಡಿ, ದೊಡ್ಡಪ್ಪನ ಪಂಚೆ ಉಟ್ಟುಕೊಂಡು ಒಳಗೆ ಹೋಗಿ ಮೋತಿಗೆ ಗಜ್ಜರಿ ತಿನ್ನಿಸಿದರು. ಮೋತಿ ಮೊದಲು ಆ ಪಂಚೆಯನ್ನೇ ಮೂಸಿ ನೋಡಿತು.

ನಡೆಸುವ ದಿನ ಬಂತು. ದೊಡ್ಡಮ್ಮ ನಡೆಸಲಿಲ್ಲ. ರೇಷ್ಮೆ ಹುಳು ಪೊರೆ ಬಿಡುವ ಹೊತ್ತಿನಲ್ಲಿ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಆಗ ಅದನ್ನು ಮುಟ್ಟಬಾರದು, ತಟ್ಟೆ ಕದಲಿಸಬಾರದು, ಮೇವೂ ಹಾಕಬಾರದು. ಕದಲಿಸಿದರೆ ಪೊರೆ ಸರಿಯಾಗಿ ಬಿಡದೆ ಹುಳು ಸತ್ತೇ ಹೋಗುತ್ತದೆ. "ಒಳಗೆ ಎಳೇ ಮರಿಗಳು ಈಗಷ್ಟೇ ಕೂತ್ಕೊಂಡಿವೆ. ಈಗ ನಡೆಸಿದ್ರೆ ಉದುರಿ ಹೋಗಲ್ವೇನೋ? ಆ ಹುಡುಗಿಗೆ ಓದು ಗೊತ್ತು, ಹುಳು ಗೊತ್ತಾ?" ಎಂದು ನನ್ನನ್ನೇ ಕೇಳಿದರು. ನಾನು ಎಷ್ಟು ವಾದಿಸಿದರೂ ಜಗ್ಗಲಿಲ್ಲ. ಡಾಕ್ಟರಮ್ಮನಿಗೆ ಹೇಳಿದರೆ ಊಟ ನೀರು ಬಿಡುತ್ತೇನೆ ಎಂದರು. ಆ ವಯಸ್ಸಿನವರು ಹಾಗೆ ಹೇಳಿದರೆ ಯಾರಿಗೆ ತಾನೇ ಭಯವಾಗುವುದಿಲ್ಲ?

ಆದರೆ ದೊಡ್ಡಮ್ಮ ಸುಳ್ಳು ಹೇಳುವವರಲ್ಲ. ಅದು ಇನ್ನೊಂದು ತೊಂದರೆ! ಡಾಕ್ಟರಮ್ಮ ಫೋನ್ ಮಾಡಿ, "ಇವತ್ತು ನಡೆದಾಯ್ತಾ ಅಮ್ಮಾ?" ಎಂದು ಕೇಳಿದರೆ ಏನು ಹೇಳುವುದು? ಅದಕ್ಕೆ ಅವರು ಕಂಡುಕೊಂಡ ಉಪಾಯ ಈ ಭೂಮಿಯ ಮೇಲೆ ಇನ್ಯಾರಿಗೂ ಹೊಳೆಯಲಾರದು. ಬೆಳಿಗ್ಗೆ ಮೋತಿಯ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು, ಡಾಕ್ಟರಮ್ಮ ಹೇಳಿದಷ್ಟು ಹೊತ್ತು, ಹೇಳಿದಷ್ಟೇ ನಿಧಾನವಾಗಿ ತೋಟದ ಬದುವಿನ ಮೇಲೆ ತಾವೊಬ್ಬರೇ ನಡೆದು ಬರುತ್ತಿದ್ದರು. ಹಗ್ಗ ಇತ್ತು. ಕುದುರೆ ಇರಲಿಲ್ಲ! ಫೋನ್ ಬಂದಾಗ, "ಆಯ್ತು ಕಣಮ್ಮ, ನೀನು ಹೇಳಿದಷ್ಟೂ ನಡೆದಾಯ್ತು" ಎನ್ನುತ್ತಿದ್ದರು. ಒಂದಕ್ಷರ ಸುಳ್ಳಿಲ್ಲ. ಊರವರು ಬೇಲಿಯಾಚೆ ನಿಂತು ನೋಡಿ ದೊಡ್ಡಪ್ಪನನ್ನು ಕೇಳಿದರು. ದೊಡ್ಡಪ್ಪ ಕೊಟ್ಟ ಉತ್ತರ ನಿಮಗೆ ಗೊತ್ತೇ ಇದೆ.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಪ್ರತಿ ಭಾನುವಾರ ಹೋಗಿ ನೋಡಿದಾಗಲೂ ಮೋತಿ ಅದೇ ಮೂಲೆಯಲ್ಲಿ, ಅದೇ ಕಾಲನ್ನು ಹಗುರ ಬಿಟ್ಟುಕೊಂಡು, ಬಾಗಿಲಿನ ಬೆಳಕು ನೋಡುತ್ತಾ ನಿಂತಿರುತ್ತಿತ್ತು. ನನಗೆ ಕುದುರೆಯ ಭಯ ಹೋಗಿ ಕುದುರೆಗಾಗಿ ಭಯ ಶುರುವಾಗಿತ್ತು.

ಸ್ಕ್ಯಾನ್ ಮಾಡಲು ಡಾಕ್ಟರಮ್ಮ ಮತ್ತೆ ಬಂದರು. ಬಾಷಾ ಸಾಹೇಬರೂ ಬಂದಿದ್ದರು, ಈ ಸಲ ಅತ್ತರು ಇಲ್ಲದೆ. ಡಾಕ್ಟರಮ್ಮ ಬಹಳ ಹೊತ್ತು ಪರದೆಯನ್ನೇ ನೋಡಿದರು. ಯಂತ್ರವನ್ನು ಮೇಲೆ ಕೆಳಗೆ ಆಡಿಸಿದರು. ಅವರ ಮುಖ ಇಳಿದದ್ದು ನನಗೆ ಕಾಣಿಸಿತು.

"ತೂತು ತುಂಬಿದೆ," ಎಂದರು. "ಹೊಸ ಎಳೆಗಳು ಹುಟ್ಟಿವೆ. ಆದ್ರೆ ಸಾಲಾಗಿ ಇಲ್ಲ, ಅಡ್ಡಾದಿಡ್ಡಿ ಇವೆ. ನಡೆಸಿದ ಕಾಲು ಹೀಗಿರಲ್ಲ. ಅಮ್ಮಾ, ನಿಜ ಹೇಳಿ, ಮೋತೀನ ನಡೆಸಿದ್ರಾ?"

ದೊಡ್ಡಮ್ಮ ಕೈಯಲ್ಲಿದ್ದ ಹಗ್ಗವನ್ನು ಸುತ್ತುತ್ತಾ, ಬಿಚ್ಚುತ್ತಾ, ಕೊನೆಗೆ ಎಲ್ಲ ಹೇಳಿಬಿಟ್ಟರು. ಹುಳು, ಪೊರೆ, ಬದುವಿನ ಮೇಲೆ ತಾವೊಬ್ಬರೇ ನಡೆದದ್ದು, ಎಲ್ಲ. ಡಾಕ್ಟರಮ್ಮ ಬೈಯಲಿಲ್ಲ. ನೆಲದ ಮೇಲೆ ಕೂತು ನಾಲ್ಕು ಹುಲ್ಲಿನ ಕಡ್ಡಿ ತೆಗೆದು ದೊಡ್ಡಮ್ಮನಿಗೆ ತೋರಿಸಿದರು. ಹೊಸದಾಗಿ ಹುಟ್ಟಿದ ಎಳೆಗೆ ತಾನು ಯಾವ ಕಡೆ ಮುಖ ಮಾಡಬೇಕೆಂದು ತಿಳಿಯುವುದಿಲ್ಲ. ಕಾಲು ಊರಿ ನಡೆದಾಗ ಎಳೆತ ಬೀಳುತ್ತದೆ. ಆ ಎಳೆತ ಬಿದ್ದ ಕಡೆಗೇ ಎಳೆಗಳು ಸಾಲಾಗಿ ಕೂರುತ್ತವೆ. ಓಡಿಸಿದರೆ ಹರಿಯುತ್ತದೆ. ಅಲ್ಲಾಡದೆ ಇಟ್ಟರೆ ಬಿಗಿಯಾಗಿ ವಂಕವಾಗಿ ಕೂತುಬಿಡುತ್ತದೆ. "ಸ್ವಲ್ಪ ಸ್ವಲ್ಪ ನಡೆಯೋದೇ ಇದಕ್ಕೆ ಔಷಧಿ ಅಮ್ಮಾ. ಇನ್ನೂ ಹೊತ್ತು ಮೀರಿಲ್ಲ. ಇವತ್ತಿಂದ್ಲೇ ಶುರು ಮಾಡಿ."

ದೊಡ್ಡಮ್ಮ ಆ ಹುಲ್ಲುಕಡ್ಡಿಗಳನ್ನೇ ನೋಡುತ್ತಾ ನಿಂತರು. ಅವರು ಇನ್ನೂ ಹಟ ಮಾಡುತ್ತಾರೆ ಎಂದು ನಾನು ವಾದಕ್ಕೆ ಸಿದ್ಧನಾಗುತ್ತಿದ್ದೆ.

"ಡಾಕ್ಟ್ರಮ್ಮ, ಒಂದು ಮಾತು ಕೇಳ್ತೀನಿ," ಎಂದರು. ದನಿ ಬಹಳ ಸಣ್ಣದಾಗಿತ್ತು. "ಒಬ್ಳು ಹುಡುಗಿ ಇದ್ಲು. ಅವಳಿಗೂ ಹಿಂಗೇ ನರ ಕಿತ್ತಿತ್ತು. ದಬ್ಬೆ ಕಟ್ಟಿ, ಏಳ್ಬೇಡ ಅಂದಿದ್ರು. ಸುಮಾರು ದಿನ ಮಲ್ಗಿದ್ಲು. ಒಂದಿನ ಮನೇಲಿ ಯಾರೂ ಇರ್ಲಿಲ್ಲ. ಹಣ್ಣಾಗಿ ಗೂಡು ಕಟ್ಟೋ ಮುಂಚಿನ ಹುಳು, ಮೇವು ಮುಗಿದು ತಟ್ಟೆ ತುಂಬಾ ತಲೆ ಎತ್ಕೊಂಡು ಹುಡುಕ್ತಾ ಇದ್ವು. ಅವಳ ಕೈಲಿ ನೋಡಕ್ಕಾಗ್ಲಿಲ್ಲ. ಎದ್ದು, ಗೋಡೆ ಹಿಡ್ಕೊಂಡು ಸೊಪ್ಪು ಹಾಕಿದ್ಲು. ಆಮೇಲೆ ದಬ್ಬೆ ಬಿಚ್ಚಿದ್ರೆ ಕಾಲು ಸೊಟ್ಟ. ಎದ್ದಿದ್ದಕ್ಕೇ ಹಂಗಾಯ್ತು ಅಂತ ಅವರಮ್ಮ ಕಣ್ಣು ಮುಚ್ಚೋವರೆಗೂ ಅಂತಿದ್ಲು." ಹುಲ್ಲುಕಡ್ಡಿಯಿಂದ ಕಣ್ಣೆತ್ತಿ ಕೇಳಿದರು. "ಅವಳು ಎದ್ದಿದ್ದು ತಪ್ಪಾ ತಾಯಿ?"

ನಮ್ಮ ಮನೆಯಲ್ಲಿ ಸಾವಿರ ಸಲ ಹೇಳಿ ನಕ್ಕ ಆ ಕಥೆಯಲ್ಲಿ ಹಸಿದ ಹುಳುಗಳಿದ್ದವು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಡಾಕ್ಟರಮ್ಮ, "ಯಾವ ಹುಡುಗಿ ಅಮ್ಮಾ?" ಎಂದರು.

"ಯಾರೋ. ನಮ್ಮೂರೋಳು."

ಡಾಕ್ಟರಮ್ಮನ ಕಣ್ಣು ಒಂದು ಸಲ ದೊಡ್ಡಮ್ಮನ ಎಡಪಾದದ ಮೇಲೆ ಹೋಗಿ ಬಂತು. "ನಾನು ಕುದುರೆ ಡಾಕ್ಟರು," ಎಂದರು ಮೆಲ್ಲಗೆ. "ಆದ್ರೂ ಇಷ್ಟು ಹೇಳ್ತೀನಿ. ಅಷ್ಟು ದಿನ ಅಲ್ಲಾಡದ ಹಾಗೆ ಕಟ್ಟಿಟ್ರೆ ಯಾರ ಕಾಲಾದ್ರೂ ಬಿಗಿಯಾಗುತ್ತೆ. ಗೋಡೆ ಹಿಡ್ಕೊಂಡು ನಾಲ್ಕು ಹೆಜ್ಜೆ ಇಟ್ಟಿದ್ರಿಂದ ಕಾಲು ಸೊಟ್ಟ ಆಗಲ್ಲ. ಆ ಹುಡುಗಿ ತಪ್ಪೇನೂ ಮಾಡಿಲ್ಲಮ್ಮ. ಸಿಕ್ಕಿದ್ರೆ ಅವಳಿಗೆ ಹೇಳಿ."

"ಹೇಳ್ತೀನಿ," ಎಂದರು ದೊಡ್ಡಮ್ಮ.

ದೊಡ್ಡಪ್ಪ ಪೋನೀಲೇ ಎನ್ನಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು ಹೊರಗೆ ಹೋದರು. ಬಾಗಿಲಿನ ಗೋಣಿತಾಟನ್ನು ದೊಡ್ಡಮ್ಮನೇ ಎತ್ತಿ ಬೇಲಿಯ ಮೇಲೆ ಒಣಹಾಕಿದರು. ಆಮೇಲೆ ಹಗ್ಗವನ್ನು ಮೋತಿಗೆ ಕಟ್ಟಿದರು.

ಅದಾಗಿ ಈಗ ಬಹಳ ತಿಂಗಳಾಯಿತು. ಕಳೆದ ಸಲದ ಸ್ಕ್ಯಾನಿನಲ್ಲಿ ಎಳೆಗಳು ಸಾಲಿಗೆ ಬಂದಿವೆ ಎಂದು ಡಾಕ್ಟರಮ್ಮ ಪರದೆಯನ್ನು ಎಲ್ಲರಿಗೂ ತಿರುಗಿಸಿ ತಿರುಗಿಸಿ ತೋರಿಸಿದರು. ಮೋತಿ ಇನ್ನು ಯಾವ ಮದುವೆ ಗಂಡನ್ನೂ ಹೊರುವುದಿಲ್ಲ, ಬಾಷಾ ಸಾಹೇಬರೇ ಹಾಗೆಂದು ಮಾತು ಕೊಟ್ಟಿದ್ದಾರೆ. ಕಾಲು ಮಾತ್ರ ಚೆನ್ನಾಗಿ ಊರುತ್ತದೆ.

ಮೊನ್ನೆ ಭಾನುವಾರ ಹೋಗಿದ್ದೆ. ಬೆಳಗಿನ ಹೊತ್ತು, ದೊಡ್ಡಮ್ಮ ಮೋತಿಯ ಹಗ್ಗ ಹಿಡಿದು ಹೊರಟರು. ಗೇಟು ದಾಟಿದರು. ಚಿಲಕ ಹಾಕಲಿಲ್ಲ. ಈಗ ತಿರುಗುತ್ತಾರೆ, ಈಗ ತಿರುಗುತ್ತಾರೆ ಎಂದು ಕಾದೆ. ತಿರುಗಲಿಲ್ಲ. ದೊಡ್ಡಮ್ಮ ಅದೇ ಎಡಗಾಲನ್ನು ಎಳೆದು ಹಾಕುತ್ತಾ ನಡೆಯುತ್ತಿದ್ದರು. ಸರಿಯಾದ ಕಾಲಿನ ಮೋತಿ ಅವರಿಗಾಗಿ ಹೆಜ್ಜೆ ತಡೆದು ತಡೆದು ಇಡುತ್ತಿತ್ತು. ಹಾಗೇ ಇಬ್ಬರೂ ಬದುವಿನ ಕೊನೆ ಮುಟ್ಟಿ, ಅಲ್ಲಿಗೆ ನಿಲ್ಲದೆ ಕೆರೆಯ ದಾರಿ ಹಿಡಿದರು. ನನಗೆ ದಿಗಿಲಾಯಿತು. ಅಷ್ಟು ದೂರ ಹೋಗಬಹುದೇ? ನಾಯಿಗೀಯಿ ಬಂದರೆ? ಲಾರಿ ಹಾರ್ನ್ ಹೊಡೆದರೆ? ಕಾಲು ಜಾರಿದರೆ? ನಾನು ಗೇಟಿನ ಚಿಲಕ ಹಾಕಿ, ಒಮ್ಮೆ ಅಲ್ಲಾಡಿಸಿ ನೋಡಿ, ಹಿಂದಿನಿಂದ ಓಡಿದೆ.

"ದೊಡ್ಡಮ್ಮಾ! ನಿಧಾನ! ಸಾಕು ವಾಪಸು ಬಾ!"

ಅವರು ಹಿಂತಿರುಗಿಯೂ ನೋಡಲಿಲ್ಲ.

"ನೀನು ಸುಮ್ನಿರೋ," ಎಂದು ದೂರದಿಂದಲೇ ಕೂಗಿದರು. "ನಾವು ನಡೀತಾ ಇದೀವಿ."